ಎರಡನೆಯ ಸಲ ಹೋದ ಕರೆಂಟು

ಗಾಳಿ ತುಸು ಜೋರಾಗಿ ಬೀಸಿದರೆ ಸಾಕು, ಹಗರಿಬೊಮ್ಮನಹಳ್ಳಿಯ ನಮ್ಮ ಓಣಿಯಲ್ಲಿ ಕರೆಂಟು ಕಣ್ಣು ಮಿಟುಕಿಸುತ್ತದೆ. ಇದನ್ನು ದೂರೆಂದು ತಿಳಿಯಬೇಡಿ. ಫ್ಯಾನು ನಿಂತರೆ ಬೀಸಣಿಗೆ, ಮಿಕ್ಸರು ನಿಂತರೆ ಒರಳು ಎಂಬ ಪರ್ಯಾಯಗಳು ನಮ್ಮಲ್ಲಿ ಸದಾ ಸನ್ನದ್ಧ. ಪರ್ಯಾಯವಿಲ್ಲದೆ ಪರದಾಡಿದ್ದು ನನ್ನ ಮೇಜಿನ ಮೇಲಿರುವ, ಊಟದ ಡಬ್ಬಿಯಷ್ಟು ಗಾತ್ರದ ಕಂಪ್ಯೂಟರು ಮಾತ್ರ.

ಕೂಡ್ಲಿಗಿಯ ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತನಾದ ನನಗೆ ಬಿಟ್‌ಕಾಯಿನ್ ಎಂಬ ಕಂಪ್ಯೂಟರು ಹಣದ ಕುತೂಹಲ ಅಂಟಿತು. ಇಬ್ಬರು ಸ್ವಲ್ಪ ಬಿಟ್‌ಕಾಯಿನನ್ನು ಜಂಟಿಯಾಗಿ ಕಟ್ಟಿಟ್ಟು, ಅದರಲ್ಲಿ ಯಾರದೆಷ್ಟು ಎಂಬ ಕರಾರನ್ನು ತಮ್ಮತಮ್ಮಲ್ಲೇ ಮತ್ತೆ ಮತ್ತೆ ಬದಲಿಸಿಕೊಳ್ಳುವ ಏರ್ಪಾಡಿಗೆ ಪಾವತಿ ಚಾನೆಲ್ ಎನ್ನುತ್ತಾರೆ. ಅಂಥ ಅಸಂಖ್ಯ ಚಾನೆಲ್‌ಗಳು ಹೆಣೆದ ಜಾಲದಲ್ಲಿ ನನ್ನ ಡಬ್ಬಿಯೂ ಒಂದು ನೋಡ್, ಅಂದರೆ ಒಂದು ಗಂಟು. ಅಲ್ಲಿನ ನಿಯಮ ಕಠಿಣ: ಹಳೆಯ ಕರಾರನ್ನು ಮುಂದಿಟ್ಟವನು ಮೋಸಗಾರ, ಕಟ್ಟಿಟ್ಟದ್ದೆಲ್ಲ ಎದುರಿನವನ ಪಾಲು. ಒಂದು ಮಧ್ಯಾಹ್ನ ಕರೆಂಟು ಆಡಿದ ಆಟಕ್ಕೆ ನನ್ನ ಡಬ್ಬಿ ಹೊಸದನ್ನು ಮರೆತು ಹಳೆಯ ಕರಾರನ್ನೇ ಹಿಡಿದು ಹೊರಟಿತು. ಮೂವತ್ತು ವರ್ಷ ಪರೀಕ್ಷೆಯಲ್ಲಿ ನಕಲು ಮಾಡುವವರನ್ನು ಹಿಡಿದವನು, ಮುಖವನ್ನೇ ಕಾಣದ ಯಾರದೋ ದೃಷ್ಟಿಯಲ್ಲಿ ವಂಚಕನಾದೆ. ಹೋದ ಬಿಟ್‌ಕಾಯಿನ್ ಚಿಟಿಕೆಯಷ್ಟು. ಮಾನಕ್ಕೆ ಆ ಅಳತೆ ಸಾಲದು.

ಒಂದು ಬ್ಯಾಟರಿ ಕೊಳ್ಳಬಾರದಿತ್ತೇ ಎನ್ನುವಿರಾ? ಕೊಂಡಿದ್ದರೆ ನನ್ನ ಡಬ್ಬಿ ಬದುಕುತ್ತಿತ್ತು, ತಂತ್ರಾಂಶದೊಳಗಿನ ತಪ್ಪೂ ಸುಖವಾಗಿ ಬದುಕುತ್ತಿತ್ತು. ಯಾರು ಬೇಕಾದರೂ ಓದಿ ತಿದ್ದಲು ತೆರೆದಿಟ್ಟ ತಂತ್ರಾಂಶವದು. ತಿದ್ದಿಯೇ ತೀರುತ್ತೇನೆಂದು ಕುಳಿತೆ. ಪರೀಕ್ಷೆಗೆಂದೇ ಇರುವ, ನಿಜವಾದ ಹಣವಿಲ್ಲದ ಜಾಲಕ್ಕೆ ಡಬ್ಬಿಯನ್ನು ಸೇರಿಸಿ, ಎರಡು ವಾರ ಪ್ಲಗ್ಗು ಕಿತ್ತು ಕಿತ್ತು ನೋಡಿದೆ. ಡಬ್ಬಿ ಒಮ್ಮೆಯೂ ತಪ್ಪಲಿಲ್ಲ. ನನ್ನ ಕೀಳುವಿಕೆಯಲ್ಲಿ ಮೇಷ್ಟ್ರ ಶಿಸ್ತು ಹೆಚ್ಚಾಯಿತೇನೋ ಎನ್ನಿಸಿ, ಮನಸ್ಸು ಬಂದಾಗ ಸ್ವಿಚ್ಚು ಆರಿಸೆಂದು ಹೆಂಡತಿ ಗಿರಿಜೆಗೆ ಹೇಳಿದೆ. ಮದುವೆಯಾದಂದಿನಿಂದ ನನ್ನ ಮಾತನ್ನು ಅವಳು ಅಷ್ಟು ಉತ್ಸಾಹದಿಂದ ನಡೆಸಿಕೊಟ್ಟದ್ದು ಅದೇ ಮೊದಲು. ಮೂರನೆಯ ದಿನ ಡಬ್ಬಿ ಮತ್ತೆ ಹಳೆಯ ಕರಾರನ್ನೇ ಹಿಡಿಯಿತು.

"ಏನು ಮಾಡಿದಿ?" ಎಂದು ಓಡಿ ಬಂದೆ.

"ಬಂದ್ ಮಾಡಿದ್ನಿ, ಹಚ್ಚಿದ್ನಿ, ಮತ್ತ ಬಂದ್ ಮಾಡಿದ್ನಿ. ನಮ್ಮೂರಾಗ ಕರೆಂಟು ಒಂದ ಸಲ ಎಲ್ಲಿ ಹೋಗ್ತೈತ್ರಿ? ಹೋಗಿ, ಬಂದಂಗ ಮಾಡಿ, ಮತ್ತ ಹೋಗ್ತೈತಿ. ನೀವು ಒಂದ ಸಲ ಕಿತ್ತು ಸುಮ್ನ ಕುಂದರ್ತೀರಿ!"

ರೋಗ ಅಲ್ಲೇ ಇತ್ತು. ಎಚ್ಚೆತ್ತ ಡಬ್ಬಿ ತನ್ನ ದಾಖಲೆಯನ್ನು ಅಳಿಸಿ ಹೊಸದಾಗಿ ಬರೆದುಕೊಳ್ಳುತ್ತಿತ್ತು. ನಡುವೆ ಎರಡನೆಯ ಸಲ ಕರೆಂಟು ಹೋದರೆ ಕೊನೆಯ ಕರಾರು ಮಾಯ, ಉಳಿಯುವುದು ಅದರ ಹಿಂದಿನದು. ಹೊಸದನ್ನು ಪೂರ್ತಿ ಬರೆಯುವವರೆಗೆ ಇದ್ದುದನ್ನು ಅಳಿಸಬೇಡ, ತಾಳೆ ನೋಡಿಕೊಳ್ಳುವವರೆಗೆ ಯಾರೊಡನೆಯೂ ಮಾತಾಡಬೇಡ ಎಂದು ಅದಕ್ಕೆ ಕಲಿಸಿ, ತಿದ್ದುಪಡಿಯನ್ನು ಆ ತಂತ್ರಾಂಶವನ್ನು ನೋಡಿಕೊಳ್ಳುವವರಿಗೆ ಕಳಿಸಿದೆ. ದೂರದೇಶದ ಪರಿಶೀಲಕನ ಉತ್ತರ ಬಂತು: ಅರ್ಧ ನಿಮಿಷದಲ್ಲಿ ಎರಡು ಸಲ ವಿದ್ಯುತ್ತು ಹೋಗುವುದು ವಾಸ್ತವದಲ್ಲಿ ಅಸಂಭವ, ಆದ್ದರಿಂದ ಈ ಬದಲಾವಣೆ ಅನಗತ್ಯ.

"ದೊಡ್ಡವರು ಬೇಡ ಅಂದ್ರು, ಬಿಡು," ಎಂದೆ.

"ಯಾಕ ಬಿಡಬೇಕು? ನಾಳೆ ಇನ್ನೊಬ್ಬರ ಡಬ್ಬಿನೂ ಕಳ್ಳ ಅನಿಸ್ಕೋತೈತಿ. ನಾ ಮಾಡಿದ್ದನ್ನ ಅವರೂ ಮಾಡ್ಲಿ. ಬರೀರಿ!"

ನನ್ನ ಪಾಂಡಿತ್ಯವನ್ನೆಲ್ಲ ಅಳಿಸಿ ಅವಳು ಹೇಳಿದ್ದನ್ನಷ್ಟೇ ಬರೆದೆ: ಆರಿಸಿ, ಹಚ್ಚಿ, ಹತ್ತು ಎಣಿಸಿ, ಮತ್ತೆ ಆರಿಸಿ. ವಾರ ಕಳೆದರೂ ಉತ್ತರವಿಲ್ಲ, ಮತ್ತೆ ಬರೆದೆ. ಮೂರನೆಯ ಪತ್ರಕ್ಕೆ ಆತ ಓಗೊಟ್ಟ. ತನ್ನ ಮೇಜಿನ ಮೇಲೆಯೇ ಮಾಡಿ ನೋಡಿದನಂತೆ, ಅವನ ಯಂತ್ರವೂ ಹಳೆಯ ಕರಾರನ್ನು ಹಿಡಿದು ಹೊರಟಿತಂತೆ. ಕ್ಷಮೆ ಕೇಳಿ ತಿದ್ದುಪಡಿಯನ್ನು ಸೇರಿಸಿದ. ಕಂಡುಹಿಡಿದವರು ಯಾರೆಂದು ಬರೆಯುವ ಜಾಗದಲ್ಲಿ ಗಿರಿಜೆಯ ಹೆಸರನ್ನು ಮೊದಲು ಬರೆದು, ಕೆಳಗೆ ನನ್ನದನ್ನು ಸೇರಿಸಿದೆ.

ಈಗ ಗಾಳಿ ಬೀಸಿದಾಗ ಡಬ್ಬಿಯ ಕಡೆ ನೋಡುವುದನ್ನೇ ನಾನು ಮರೆತಿದ್ದೇನೆ. ಮೊನ್ನೆ ಆ ಪರಿಶೀಲಕನಿಂದ ಇನ್ನೊಂದು ಪತ್ರ ಬಂತು. ಮತ್ತೊಂದು ಸುಧಾರಣೆ ಸಿದ್ಧವಾಗಿದೆ, ಬಿಡುಗಡೆಗೆ ಮುಂಚೆ ದಯವಿಟ್ಟು ಪರೀಕ್ಷಿಸಿಕೊಡಬೇಕು ಎಂಬ ವಿನಂತಿ. ಪತ್ರ ಗಿರಿಜೆಯ ಹೆಸರಿಗಿತ್ತು. ಓದಿ ಹೇಳಿದೆ.

ಅವಳು ಹಿಟ್ಟಿನ ಕೈ ತೊಳೆದುಕೊಂಡು ಬಂದು, ನನ್ನ ಕುರ್ಚಿಯನ್ನು ಎಳೆದುಕೊಂಡು ಕುಳಿತು ಕೇಳಿದಳು: "ಈ ಸಲ ಏನ್ ಕೆಡಿಸಬೇಕಂತ?"