ಎರಡು ಚೀಟಿಯಲ್ಲೂ ‘ಬೇಡ’

ಎರಡು ಚೀಟಿಯಲ್ಲೂ ‘ಬೇಡ’ ಎಂದೇ ಬರೆದವಳು ನಾನು. ಅವನ್ನು ದೇವರ ಮುಂದೆ ಇಟ್ಟವಳೂ ನಾನೇ. ನನ್ನ ದೊಡ್ಡ ಮಗ ಪ್ರಮೋದ ನಂಬಿ, ಕೈ ಮುಗಿದು, ಅದರಲ್ಲೊಂದನ್ನು ಎತ್ತಿದ. ಎಂಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಮೊದಮೊದಲು ಹೇಳುವ ಧೈರ್ಯ ಇರಲಿಲ್ಲ. ಆಮೇಲೆ — ಹೇಳದೆ ಇರುವುದೇ ರೂಢಿಯಾಗಿ ಹೋಯಿತು. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ನನ್ನನ್ನು ಬಲ್ಲವರು ಇದನ್ನು ಓದುತ್ತಾರೆ ಎಂದು ಗೊತ್ತು. ಓದಲಿ ಎಂದೇ ಬರೆಯುತ್ತಿದ್ದೇನೆ.

ಚೀಟಿಯ ಕ್ರಮ ಉಡುಪಿಯ ನನ್ನ ಅಜ್ಜಿಯಿಂದ ಬಂದದ್ದು. ಮನೆಯಲ್ಲಿ ಒಂದು ವಿಷಯ ಇತ್ಯರ್ಥವಾಗದಿದ್ದರೆ — ಬಂದ ಸಂಬಂಧ ಒಪ್ಪುವುದೋ ಬಿಡುವುದೋ, ಊರು ಬಿಡುವುದೋ ಇರುವುದೋ — ‘ಹೌದು’ ಎಂದು ಒಂದು, ‘ಬೇಡ’ ಎಂದು ಒಂದು ಚೀಟಿ ಬರೆದು, ಒಂದೇ ರೀತಿ ಮಡಚಿ, ಹರಿವಾಣದಲ್ಲಿ ಹೂವಿನ ಜೊತೆ ದೇವರ ಮುಂದೆ ಇಡುವುದು. ಯಾರ ವಿಷಯವೋ ಅವರು ಒಂದನ್ನು ಎತ್ತಬೇಕು. ಎತ್ತಿದ್ದೇ ತೀರ್ಪು. ಉಳಿದದ್ದನ್ನು ಮಾತ್ರ ಯಾರೂ ಬಿಚ್ಚಬಾರದು, ತುಳಸಿಯ ಬುಡಕ್ಕೆ ಹಾಕಿಬಿಡಬೇಕು. ಬಿಚ್ಚಿ ನೋಡಿದರೆ ದೇವರನ್ನೇ ಪರೀಕ್ಷೆ ಮಾಡಿದ ಹಾಗೆ ಎಂದು ಅಜ್ಜಿ ಹೇಳುತ್ತಿದ್ದರು. ಬಿಚ್ಚಬಾರದ ಆ ಚೀಟಿಯ ಹಿಂದೆ ಒಬ್ಬ ಹೆಂಗಸು ಎಷ್ಟು ಸುಲಭವಾಗಿ ಅಡಗಬಹುದು ಎಂದು ಪಾಪ ಅಜ್ಜಿಗೆ ಹೊಳೆದಿರಲಿಕ್ಕಿಲ್ಲ.

ಸಿಡ್ನಿಯಲ್ಲಿ ಒಲಿಂಪಿಕ್ಸ್ ಮುಗಿದ ಮರುವರ್ಷ. ಪ್ರಮೋದನಿಗೆ ಇಪ್ಪತ್ತು, ಯೂನಿಯಲ್ಲಿ, ಅಂದರೆ ಯೂನಿವರ್ಸಿಟಿಯಲ್ಲಿ, ಸಿವಿಲ್ ಇಂಜಿನಿಯರಿಂಗ್‌ನ ಮೂರನೇ ವರ್ಷ. ಯೂನಿ ಟೀಮಿನಲ್ಲಿ ಫುಟಿ ಆಡುತ್ತಿದ್ದ — ಮೊಟ್ಟೆಯಾಕಾರದ ಚೆಂಡಿನ, ಈ ದೇಶದವರದೇ ಆದ ಫುಟ್‌ಬಾಲ್. ನನಗೆ ಅದರ ತಲೆಬುಡ ತಿಳಿಯುತ್ತಿರಲಿಲ್ಲ. ಆದರೆ ಅವನು ಚೆಂಡಿಗೆ ಹಾರಿದಾಗ ಪಕ್ಕದಲ್ಲಿದ್ದ ಅಪರಿಚಿತರೂ ಎದ್ದು ನಿಲ್ಲುವುದನ್ನು ನೋಡಿದ್ದೆ. ಆ ವರ್ಷ ಮೆಲ್ಬರ್ನ್‌ನ ದೊಡ್ಡ ಕ್ಲಬ್ಬೊಂದರಿಂದ ಒಬ್ಬರು ಬಂದು, ನಮ್ಮ ಮನೆಯಲ್ಲೇ ಕೂತು ಚಹಾ ಕುಡಿದು ಹೇಳಿದರು: ಶುಕ್ರವಾರದೊಳಗೆ ಹೆಸರು ಕೊಡುವ ಫಾರ್ಮ್ ತುಂಬಿ ಕಳಿಸಿದರೆ ಇವನನ್ನು ತೆಗೆದುಕೊಳ್ಳುತ್ತೇವೆ. ಓದು ಬಿಡಬೇಕು, ಮೆಲ್ಬರ್ನ್‌ಗೆ ಬರಬೇಕು. ಓದು ಮುಗಿಸಿ ಬರುತ್ತೇನೆ ಎಂದರೆ ಆಗ ಜಾಗ ಇರುತ್ತದೆಂದು ಹೇಳಲಾಗುವುದಿಲ್ಲ.

ನಮ್ಮನೆಯವರು ‘ಹುಡುಗ ದೊಡ್ಡವನಾದ, ಅವನೇ ಹೇಳಲಿ’ ಎಂದು ಪೇಪರ್ ಹಿಡಿದರು. ಹುಡುಗ ನಾಲ್ಕು ದಿನ ಫಾರ್ಮನ್ನು ತುಂಬಲೂ ಇಲ್ಲ, ಎತ್ತಿಡಲೂ ಇಲ್ಲ. ಬುಧವಾರ ಸಂಜೆ ಅಡುಗೆಮನೆಗೆ ಬಂದು, “ಅಮ್ಮ, ನಂಗೆ ಡಿಸೈಡ್ ಮಾಡ್ಲಿಕ್ಕೆ ಆಗ್ತಾ ಇಲ್ಲ. ನೀನು ನಿಮ್ಮೂರಿನ ಚೀಟಿ ಹಾಕು. ಏನು ಬರ್ತದೋ ಅದನ್ನೇ ಮಾಡ್ತೇನೆ, ಪ್ರಾಮಿಸ್,” ಎಂದ.

ಚೀಟಿ ಕೇಳಿದವನು ಅವನು. ಹಾಗೆಂದು — ಇಲ್ಲ, ಆ ನೆಪದ ದಾರಿಗೆ ಹೋಗುವುದಿಲ್ಲ.

ನಾನು ರಕ್ತಪರೀಕ್ಷೆಗೆ ರಕ್ತ ತೆಗೆಯುವ ಕೆಲಸದವಳು. ಬಂದವರ ಹೆಸರು ಕೇಳಿ, ಹುಟ್ಟಿದ ದಿನ ಕೇಳಿ, ಡಾಕ್ಟರ ಚೀಟಿಯ ಜೊತೆ ತಾಳೆ ನೋಡಿ, ಆಮೇಲೇ ಟ್ಯೂಬಿಗೆ ಲೇಬಲ್ ಅಂಟಿಸುವವಳು. ಒಂದು ಲೇಬಲ್ ತಪ್ಪಿದರೆ ಯಾರದೋ ಬದುಕು ಇನ್ಯಾರದೋ ಆಗುತ್ತದೆ ಎಂದು ಹೊಸಬರಿಗೆ ಪಾಠ ಹೇಳುವವಳೂ ನಾನೇ. ಆ ಗುರುವಾರ ಬೆಳಿಗ್ಗೆ ಅದೇ ಕೈಯಲ್ಲಿ ಮೊದಲ ಚೀಟಿಯ ಮೇಲೆ ‘ಬೇಡ’ ಎಂದು ಬರೆದೆ. ಎರಡನೆಯದನ್ನು ಮುಂದೆ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ. ಸ್ನಾನದ ಮನೆಯಲ್ಲಿ ಅವನು ನೀರು ಹಾಕಿಕೊಳ್ಳುವ ಸದ್ದು ಕೇಳುತ್ತಿತ್ತು. ಅದರ ಮೇಲೂ ‘ಬೇಡ’ ಎಂದು ಬರೆದೆ.

ಏಕೆ? ಮೊಣಕಾಲಿನ ಆಪರೇಷನ್ನಿಗೆ ಮುಂಚೆ ರಕ್ತ ಕೊಡಲು ಬರುವ ಆಟದ ಹುಡುಗರನ್ನು ಕಂಡು ಹೆದರಿದ್ದೆ ಎನ್ನಬಹುದು. ಕೇಳಿದವರು ತಾಯಿಕರುಳು ಎಂದು ತಲೆದೂಗುತ್ತಾರೆ. ಹೆದರಿದ್ದೂ ನಿಜ. ಆದರೆ ಬರೆಸಿದ್ದು ಅದಲ್ಲ. ಇಲ್ಲಿನ ಕನ್ನಡ ಸಂಘದ ಯುಗಾದಿ ಊಟದಲ್ಲಿ ಯಾರಾದರೂ “ಮಗ ಎಂತ ಮಾಡ್ತಾ ಇದ್ದಾನೆ?” ಎಂದು ಕೇಳಿದರೆ, “ಇಂಜಿನಿಯರಿಂಗ್ ಬಿಟ್ಟ, ಚೆಂಡು ಒದೀತಾನೆ” ಎನ್ನುವ ಬಾಯಿ ನನಗಿರಲಿಲ್ಲ. ಇಷ್ಟೇ. ಒಂದು ಊಟದ ಪಂಕ್ತಿಯಲ್ಲಿ ತಲೆ ಎತ್ತಿ ಕೂರುವುದಕ್ಕೋಸ್ಕರ.

ಪ್ರಮೋದ ಒದ್ದೆ ಕೂದಲಲ್ಲೇ ಬಂದು ದೇವರ ಮುಂದೆ ಕೂತ. ಅವನ ಕೈ ಮೊದಲು ಎಡಗಡೆಯ ಚೀಟಿಯ ಮೇಲೆ ಹೋಯಿತು. ಅಲ್ಲೇ ನಿಂತಿತು. ಮತ್ತೆ ಏನನಿಸಿತೋ, ಹಿಂದೆ ಸರಿದು ಬಲಗಡೆಯದನ್ನು ಎತ್ತಿತು. ಬಿಚ್ಚಿ ಓದಿದ. ಅವನಿಗೆ ಓದಲು ಬರುವ ಕನ್ನಡ ಅಷ್ಟಕ್ಕಷ್ಟೇ. ಅದನ್ನೂ ನಾನೇ ಕಲಿಸಿದ್ದು. “ಓಕೆ ಅಮ್ಮ,” ಎಂದ. ಎದ್ದು ಹೋಗಿ ಫಾರ್ಮನ್ನು ಹರಿದು ರೀಸೈಕ್ಲಿಂಗ್ ಬಿನ್ನಿಗೆ ಹಾಕಿ, ಯೂನಿಗೆ ಹೊರಟ.

ಉಳಿದ ಚೀಟಿಯನ್ನು ತುಳಸಿಯ ಬುಡಕ್ಕೆ ಹಾಕಲು ಹಿತ್ತಲಿಗೆ ಹೋದೆ. ಕೈ ಬರಲಿಲ್ಲ. ಅಲ್ಲಿಗಾದರೂ ಒಂದಿಷ್ಟು ನಾಚಿಕೆ ಉಳಿದಿತ್ತೋ ಏನೋ — ತಂದು ಕುಂಕುಮದ ಡಬ್ಬಿಯ ತಳದಲ್ಲಿಟ್ಟೆ.

ಮುಂದಿನದನ್ನು ನೆನೆದರೆ ನಗುವೂ ಬರುತ್ತದೆ, ಮೈಯೂ ಉರಿಯುತ್ತದೆ. ಪ್ರಮೋದ ಡಿಗ್ರಿ ಮುಗಿಸಿದ, ಒಳ್ಳೆಯ ಕೆಲಸ ಸಿಕ್ಕಿತು. ಕೆಲಸ ಸಿಕ್ಕಿದ್ದೂ ಮೆಲ್ಬರ್ನ್‌ನಲ್ಲೇ. ಅಲ್ಲಿನ ವೆರಿಬೀಯಲ್ಲಿ ಮನೆ ಮಾಡಿದ. ‘ದೇವರೇ ಚೀಟಿಯಲ್ಲಿ ದಾರಿ ತೋರಿಸಿದ’ ಎಂದು ಸುದ್ದಿಯಾಯಿತು. ಪಿಆರ್‌ಗೆ, ಅಂದರೆ ಈ ದೇಶದಲ್ಲಿ ಕಾಯಂ ಇರುವ ಪರವಾನಗಿಗೆ, ಕಾಯುವವರು, ರೌಸ್ ಹಿಲ್‌ನಲ್ಲಿ ಮನೆ ಕೊಳ್ಳಲೋ ಬೇಡವೋ ಎನ್ನುವವರು ನನ್ನ ಬಾಗಿಲಿಗೆ ಬಂದರು. “ಆಂಟಿ, ನಿಮ್ಮ ಕೈಯಿಂದ ಒಂದು ಚೀಟಿ ಹಾಕ್ಕೊಡಿ ಪ್ಲೀಸ್.” ಹೆಸರೇ ಬಿತ್ತು, ಚೀಟಿ ಆಂಟಿ. ಅವರ ಚೀಟಿಗಳನ್ನು ಮಾತ್ರ ನಾನು ಎರಡೆರಡು ಸಲ ತಾಳೆ ನೋಡಿ ಬರೆದೆ. ಊರವರಿಗೆಲ್ಲ ನ್ಯಾಯ, ಹೊಟ್ಟೆಯಲ್ಲಿ ಹುಟ್ಟಿದವನಿಗೆ ಮೋಸ. ‘ಚೀಟಿ ಎಂದರೆ ಇವರದ್ದು’ ಎಂದು ಯಾರಾದರೂ ಹೊಗಳಿದರೆ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ಪ್ರಮೋದ ಒಮ್ಮೆಯೂ ದೂರಲಿಲ್ಲ. ಚಳಿಗಾಲದ ಶನಿವಾರಗಳಲ್ಲಿ ಅದೇ ಕ್ಲಬ್ಬಿನ ಆಟಕ್ಕೆ ಟಿಕೆಟ್ ತೆಗೆದು ಒಬ್ಬನೇ ಹೋಗುತ್ತಾನೆ. “ನನ್ನ ಕೈಯೇ ಸರಿ ಇಲ್ಲ ಅಮ್ಮ,” ಎಂದು ಫೋನಿನಲ್ಲಿ ಒಂದೆರಡು ಸಲ ನಕ್ಕಿದ್ದ. ಏನೋ ತಮಾಷೆ ಎಂದುಕೊಂಡು ನಾನೂ ನಕ್ಕಿದ್ದೆ.

ಈ ವರ್ಷ ನನ್ನ ಚಿಕ್ಕ ಮಗ ನಿಖಿಲ್‌ಗೆ ಇಪ್ಪತ್ತಾಯಿತು. ಅದೇ ಯೂನಿ, ಅದೇ ಟೀಮು. ಅವನಿಗೂ ಮೆಲ್ಬರ್ನ್‌ನ ಕ್ಲಬ್ಬಿನಿಂದ ಕರೆ ಬಂತು, ಸೋಮವಾರದೊಳಗೆ ಫಾರ್ಮ್. ಗುರುವಾರ ಪ್ರಮೋದನ ಫೋನು: “ಅಮ್ಮ, ಅವನು ತುಂಬಾ ಟೆನ್ಷನ್ ಮಾಡ್ಕೊಂಡಿದ್ದಾನೆ. ನಂಗೆ ಹಾಕಿದ ಹಾಗೆ ಅವನಿಗೂ ಚೀಟಿ ಹಾಕು.”

ನಂಗೆ ಹಾಕಿದ ಹಾಗೆ. ಫೋನಿಟ್ಟವಳು ಕಾಗದ ಹರಿದು ಪೆನ್ನು ಹಿಡಿದೆ. ಇಲ್ಲೂ ಸುಳ್ಳು ಹೇಳಲಾರೆ — ಕೈ ಮತ್ತೆ ‘ಬೇಡ’ದ ಕಡೆಗೇ ಎಳೆಯಿತು. ಅದನ್ನು ಕಂಡ ಮೇಲೆಯೇ ಪೆನ್ನು ಕೆಳಗಿಟ್ಟದ್ದು. ಹಿಡಿದ ಹಟ ಬಿಡದವಳು ಎಂದು ನನ್ನ ತವರಿನಲ್ಲಿ ಹೆಸರು. ಆ ಹಟವನ್ನು ಒಮ್ಮೆಯಾದರೂ ಸರಿಯಾದ ಕಡೆಗೆ ಹೂಡಬೇಕು ಎಂದು ಗಟ್ಟಿಮಾಡಿಕೊಂಡೆ. ನಮ್ಮನೆಯವರಿಗೆ ಮೊದಲು ಹೇಳಿದೆ. ಅವರು ಪೇಪರ್ ಮಡಚಿಟ್ಟು, “ನಂಗೆ ಹೇಳಿ ಎಂತ ಪ್ರಯೋಜನ? ಅವನಿಗೆ ಹೇಳು,” ಎಂದರು. ಫೋನಿನಲ್ಲಿ ಹೇಳುವ ಮಾತಲ್ಲ. ಶುಕ್ರವಾರ ನಸುಕಿನಲ್ಲಿ ನಿಖಿಲ್‌ನನ್ನು ಎಬ್ಬಿಸಿ, ಕುಂಕುಮದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಕಾರು ಹತ್ತಿದೆ. ದಾರಿಯುದ್ದಕ್ಕೂ ಅವನು “ವಾಟ್ಸ್ ಗೋಯಿಂಗ್ ಆನ್, ಅಮ್ಮ?” ಎಂದು ಕೇಳುತ್ತಲೇ ಇದ್ದ. ಅಣ್ಣನ ಮುಂದೆ ಹೇಳುತ್ತೇನೆ ಎಂದೆ.

ವೆರಿಬೀ ತಲುಪುವಾಗ ಮಧ್ಯಾಹ್ನ ಕಳೆದಿತ್ತು. ನಾವು ಬರುತ್ತೇವೆಂದು ಪ್ರಮೋದ ರಜೆ ಹಾಕಿ ಅನ್ನ, ಸಾರು ಮಾಡಿಟ್ಟಿದ್ದ. ಉಂಡರೆ ನನ್ನ ಬಾಯಿ ಕಟ್ಟಿಹೋದೀತೆಂದು ಉಣ್ಣಲಿಲ್ಲ. ಡಬ್ಬಿಯಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟೆ. ಕುಂಕುಮ ಹತ್ತಿ ಕೆಂಪಾಗಿತ್ತು.

“ಇದು ನೀನು ಅವತ್ತು ಬಿಟ್ಟ ಚೀಟಿ. ಬಿಚ್ಚು.”

“ಬಿಚ್ಚಬಾರ್ದು ಅಲ್ವಾ?”

“ಬಿಚ್ಚು ಮಗ.”

ಬಿಚ್ಚಿದ. ಎರಡೇ ಅಕ್ಷರವನ್ನು ಎಷ್ಟು ಹೊತ್ತು ಓದಿದನೋ. “ಎರಡರಲ್ಲೂ ನಾನು ಅದನ್ನೇ ಬರೆದದ್ದು,” ಎಂದೆ. ಅವನು ಕೂಗಾಡುತ್ತಾನೆ ಎಂದುಕೊಂಡಿದ್ದೆ. ಕೂಗಾಡಲಿ ಎಂದೂ ಬಯಸಿದ್ದೆ. ಅವನು ಚೀಟಿಯನ್ನು ಬಿಟ್ಟು ತನ್ನ ಬಲಗೈಯನ್ನು ನೋಡಿಕೊಂಡ.

“ನಾನು ಮೊದ್ಲು ಎಡದ್ದಕ್ಕೆ ಕೈ ಹಾಕಿದ್ದೆ,” ಎಂದ. “ಎಂಟು ವರ್ಷ ಅಮ್ಮ... ಆ ಕೈ ತೆಗೀಬಾರ್ದಿತ್ತು, ಅದನ್ನೇ ಎತ್ತಬೇಕಿತ್ತು ಅಂತ... ಯಾವ್ದು ಎತ್ತಿದ್ರೂ ಇದೇ ಇತ್ತಾ?”

ಇದೇ ಇತ್ತು ಎಂದೆ. ಅವನ ಆಟವನ್ನು ಕಸಿದೆ ಎಂಬುದಷ್ಟೇ ನನಗೆ ಗೊತ್ತಿತ್ತು. ತಪ್ಪನ್ನು ಅವನ ಕೈಗೆ ಅಂಟಿಸಿ, ಎಂಟು ವರ್ಷ ಅವನು ಅದನ್ನು ಹೊತ್ತು ತಿರುಗುವ ಹಾಗೆ ಮಾಡಿದ್ದು ಗೊತ್ತಾದದ್ದು ಆಗ. ಅಳು ಬಂತು, ನುಂಗಿದೆ. ಅತ್ತರೆ ಅವನೇ ಎದ್ದು ನನ್ನನ್ನು ಸಮಾಧಾನ ಮಾಡುತ್ತಾನೆ, ಆ ಜಾತಿಯ ಹುಡುಗ ಅವನು.

ಪ್ರಮೋದ ತಮ್ಮನ ಕಡೆ ತಿರುಗಿದ. “ನಿಂಗೆ ಎಂತ ಬೇಕು?”

“ಐ ವಾಂಟ್ ಟು ಪ್ಲೇ,” ಎಂದ ನಿಖಿಲ್, ನನ್ನನ್ನು ನೋಡದೆ.

“ಹಾಗಾದ್ರೆ ಫಾರ್ಮ್ ಇಲ್ಲೇ ತುಂಬು.”

ಅವನು ಚೀಲದಿಂದ ಫಾರ್ಮ್ ತೆಗೆದು ತುಂಬಿದ. ಮೊಣಕಾಲು, ಓದು, ಯುಗಾದಿ ಊಟ, ಎಲ್ಲವೂ ನನ್ನ ನಾಲಿಗೆಯ ತುದಿಗೆ ಬಂದವು. ಬಾಯಿ ಬಿಡಲಿಲ್ಲ.

ಹೊರಡುವಾಗ ಪ್ರಮೋದ ಕಾರಿನ ತನಕ ಬಂದ. “ಸ್ವಲ್ಪ ದಿನ ಫೋನ್ ಮಾಡ್ಬೇಡ ಅಮ್ಮ. ನಾನೇ ಮಾಡ್ತೇನೆ,” ಎಂದ. ಚೀಟಿಯನ್ನು ವಾಪಸು ಕೊಡಲಿಲ್ಲ, ನಾನೂ ಕೇಳಲಿಲ್ಲ.

ಏಳು ವಾರವಾಯಿತು. ನಿಖಿಲ್ ಈಗ ಅಣ್ಣನ ಮನೆಯಲ್ಲೇ ಇದ್ದುಕೊಂಡು ಪ್ರಾಕ್ಟೀಸಿಗೆ ಹೋಗುತ್ತಾನೆ. ಪ್ರಮೋದನ ಫೋನು ಬಂದಿಲ್ಲ. ಕ್ವೇಕರ್ಸ್ ಹಿಲ್‌ನವರೇ, ಇನ್ನು ಚೀಟಿಗೆಂದು ನನ್ನ ಮನೆಗೆ ಬರಬೇಡಿ. ಹರಿವಾಣವನ್ನು ತೊಳೆದು ಕಪಾಟಿನಲ್ಲಿ ಇಟ್ಟುಬಿಟ್ಟಿದ್ದೇನೆ. ದಿನಕ್ಕೆ ಹತ್ತು ಸಲ ಅವನ ನಂಬರ್ ಒತ್ತಲು ಹೋಗಿ ನಿಲ್ಲಿಸುತ್ತೇನೆ. ಫೋನು ಮಾಡುವುದೋ ಬಿಡುವುದೋ ಅವನಿಗೆ ಸೇರಿದ್ದು. ಈ ಸಲ ಅವನ ಕೈಗೆ ನಾನು ಅಡ್ಡ ಬರುವುದಿಲ್ಲ.