ವೈನಿ ಬಂದ್ ಮಾಡಿದ ಸರ್ವರ್

ಇವತ್ತು ಬೆಳಿಗ್ಗೆ ಹೊಸದೊಂದು ಕ್ಲೌಡ್ ಸರ್ವರ್‌ಗೆ ಡೆಸ್ಕ್‌ಟಾಪ್ ಹಾಕುತ್ತ ಕೂತಿದ್ದೆ. ಮೆನುವಿನ ಕೊನೆಯಲ್ಲಿ 'ಶಟ್ ಡೌನ್' ಎಂಬ ಸಾಲು ಕಂಡದ್ದೇ ತಡ, ಕೈ ನಿಂತಿತು. ನಿಮಗೆ ನಗು ಬರಬಹುದು. ನನಗೆ ಈಗಲೂ ಅದನ್ನು ಕಂಡರೆ ಭಯ.

ಐದಾರು ವರ್ಷದ ಹಿಂದಿನ ಮಾತು. ಕಮಲಾಪುರದಲ್ಲಿರುವ ನಮ್ಮ ವೈನಿ, ಎಂದರೆ ಅಣ್ಣನ ಹೆಂಡತಿ, ಶಾಲೆಯಲ್ಲಿ ಪಾಠ ಹೇಳುತ್ತಲೇ ಹಳೆಯ ಬಾವಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದರು. ಮೆಟ್ಟಿಲಿಳಿದು ತೆಗೆದ ಸಾವಿರಾರು ಫೋಟೊಗಳನ್ನು ಜೋಡಿಸಿ ಒಂದೊಂದು ಬಾವಿಯ ಪೂರ್ತಿ ಚಿತ್ರ ಮಾಡಬೇಕಿತ್ತು. ಸೋಮವಾರ ಸಂಜೆ ಐದರೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿಯೇ ರದ್ದು, ಏಳು ವರ್ಷದ ದುಡಿಮೆ ನೀರುಪಾಲು. ಅವರ ಮನೆಯ ಕಂಪ್ಯೂಟರೋ, ಹತ್ತು ಫೋಟೊ ತೆರೆದರೆ ಏದುಸಿರು ಬಿಡುತ್ತಿತ್ತು.

ಕಲಬುರಗಿಯಲ್ಲಿ ಕೂತ ನಾನು, ಕಂಪ್ಯೂಟರ್ ಬಲ್ಲ ಮೈದುನ, ಸುಮ್ಮನಿರುತ್ತೇನೆಯೇ? ದೊಡ್ಡದೊಂದು ಲಿನಕ್ಸ್ ಸರ್ವರ್, ಎಂದರೆ ಎಲ್ಲೋ ದೂರ ಕೂತು ಇಂಟರ್ನೆಟ್ ಮೂಲಕ ಕೆಲಸ ಮಾಡಿಕೊಡುವ ಕಂಪ್ಯೂಟರ್, ಬಾಡಿಗೆಗೆ ಹಿಡಿದೆ. ಅದರಲ್ಲಿ ಬರೀ ಆಜ್ಞೆ ಟೈಪ್ ಮಾಡುವುದಷ್ಟೇ. ವೈನಿಗೆ ಅದು ಒಗ್ಗುವುದಿಲ್ಲವೆಂದು, ಮೌಸ್ ಹಿಡಿದು ನಡೆಸುವ ಡೆಸ್ಕ್‌ಟಾಪ್ ಹಾಕಿದೆ. ಮೊದಲು ಲಾಗಿನ್ ಆದರೆ ಬರೀ ಕಪ್ಪು ಪರದೆ! ಯಾವ ಡೆಸ್ಕ್‌ಟಾಪ್ ತೆರೆಯಬೇಕೆಂದು ಒಂದು ಫೈಲಿನಲ್ಲಿ ಬರೆಯುವುದನ್ನೇ ಈ ಜಾಣ ಮರೆತಿದ್ದ. ಸರಿಹೋದ ಮೇಲೆ ಫೋನಿನಲ್ಲಿ ಜಂಬದಿಂದ, "ನಿಮ್ಮ ಮನಿ ಕಂಪ್ಯೂಟರ್ ಅಂತ ತಿಳ್ಕೋರಿ ವೈನಿ, ಮುಗೀತು" ಎಂದೆ. ಗುರುವಾರ ಬೆಳಿಗ್ಗೆ ಫೋಟೊ ಜೋಡಿಸುವ ಕೆಲಸ ಹಚ್ಚಿದೆವು. ಎರಡೂವರೆ ದಿನ ಬೇಕಿತ್ತು.

ಶುಕ್ರವಾರ ಸಂಜೆ ನೋಡುತ್ತೇನೆ, ಸರ್ವರ್ ಆರಿದೆ. ಫೋನ್ ಹಚ್ಚಿದೆ.

"ಏನ್ ಮಾಡಿದ್ರಿ ವೈನಿ?"

"ಮಿಂಚು ಹೊಡಿಯಾಕತ್ತಿತ್ತು. ಕರೆಂಟ್ ಹೋಗೂದ್ರಾಗ ಬಂದ್ ಮಾಡ್ದೆ. ಪಾಸ್‌ವರ್ಡ್ ಕೇಳ್ತು, ಕೊಟ್ಟೆ. ಹೋದ ಸಲ ಹಂಗ ಬಿಟ್ಟಿದ್ದಕ್ಕ ಡಿಸ್ಕ್ ಸುಟ್ಟಿತ್ತಲ್ಲ!"

ಕಮಲಾಪುರದ ಕರೆಂಟ್ ಹೋದರೂ ಎಲ್ಲೋ ದೂರದ ಸರ್ವರ್‌ಗೆ ಏನೂ ಆಗುತ್ತಿರಲಿಲ್ಲ. ಕೆಲಸ ಉಳಿಸಲೆಂದು ಅವರು ಒತ್ತಿದ 'ಶಟ್ ಡೌನ್' ಸರ್ವರನ್ನೇ ಆರಿಸಿ, ಅರ್ಧ ಆದ ಕೆಲಸವನ್ನೂ ಅಳಿಸಿತ್ತು. "ಬುದ್ಧಿ ಅದ ಏನ್ರಿ ನಿಮಗ?" ಎಂದು ಒದರಿಬಿಟ್ಟೆ. ಆ ಕಡೆಯಿಂದ ಸಣ್ಣ ದನಿ: "ಸೋಮವಾರಕ್ಕ ಆಗ್ತದೇನಪ್ಪ?"

ಮೊದಲಿನಿಂದ ಮತ್ತೆ ಹಚ್ಚಿದೆ. ನನ್ನ ಅಂದಾಜಿನಲ್ಲಿ ಸೋಮವಾರ ನಸುಕಿಗೆ ಮುಗಿಯಬೇಕು. ಹತ್ತಾದರೂ ಮುಗಿಯಲಿಲ್ಲ. ವೈನಿ ಬಸ್ ಹಿಡಿದು ಕಲಬುರಗಿಗೆ ಬಂದು ನನ್ನ ಪಕ್ಕ ಕೂತರು, ನೀರೂ ಮುಟ್ಟಲಿಲ್ಲ. ಹನ್ನೆರಡೂವರೆಗೆ ಮುಗಿಯಿತು. ಪ್ರಿಂಟು, ಬೈಂಡಿಂಗು, ಆಟೊ. ವಿಶ್ವವಿದ್ಯಾಲಯದ ಕಚೇರಿ ಮುಚ್ಚಲು ಹತ್ತೇ ನಿಮಿಷವಿತ್ತು.

"ಇಷ್ಟ್ಯಾಕ ತಡ ಮಾಡಿದ್ರಿ ಮೇಡಂ?" ಎಂದರು ಗುಮಾಸ್ತರು.

"ನನ್ನ ಕೈ ತಪ್ಪಾತ್ರಿ" ಎಂದರು ವೈನಿ. ನಾನು ಪಕ್ಕದಲ್ಲೇ ನಿಂತು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ಅಂದಿನಿಂದ ಮನೆಯಲ್ಲಿ ಅದೊಂದು ಚೇಷ್ಟೆ. ಹಬ್ಬಕ್ಕೆ ಕೂಡಿದಾಗಲೆಲ್ಲ ಅಣ್ಣ, "ಡಾಕ್ಟರ್ ಮೇಡಂ, ಫ್ಯಾನ್ ಬಂದ್ ಮಾಡಬ್ಯಾಡ್ರಿ, ಊರ ಕರೆಂಟೇ ಹೋದೀತು" ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ನಾನೂ ನಕ್ಕಿದ್ದೇನೆ.

ಆ 'ಶಟ್ ಡೌನ್' ಸಾಲನ್ನು ಮೆನುವಿನಿಂದ ತೆಗೆಯಲು ಇವತ್ತು ಎರಡು ನಿಮಿಷ ಹಿಡಿಯಿತು. ಅಂದೂ ಅಷ್ಟೇ ಹಿಡಿಯುತ್ತಿತ್ತು. ಗೊತ್ತಿದ್ದೂ ಆಲಸ್ಯ ಮಾಡಿದ್ದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವರು ವೈನಿ. ನಾಚಿಕೆಯಾಯಿತು. ಅಣ್ಣನಿಗೆ ಫೋನ್ ಮಾಡಿ, "ಅವತ್ತಿಂದು ವೈನಿ ತಪ್ಪಲ್ಲ ಅಣ್ಣಾ, ನಂದು" ಎಂದೆ.

ಆತ ಸ್ಪೀಕರ್ ಹಾಕಿದ್ದ. ವೈನಿಯ ದನಿ ಬಂತು: "ಇದನ್ನ ಹೇಳಾಕ ಇಷ್ಟ್ ವರ್ಷ ಬೇಕಾತೇನಪ್ಪ?"

ನಗುತ್ತಾರೆಂದು ಕಾದೆ. ನಗಲಿಲ್ಲ.