ಗುಂಡಿಯಕ್ಕ ಮತ್ತು ಹೊರದೇಶದ ಕ್ಯಾಸೆಟ್ಟು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಗುಂಡಿಯಕ್ಕ ಎನ್ನುತ್ತಿದ್ದರು. ಎದುರಿಗೇ ಎನ್ನುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ವಿಡಿಯೋ ಗೇಮ್ ಕಂಪನಿಯಲ್ಲಿ ಅವಳ ಕೆಲಸವೇ ಗುಂಡಿ ತೋಡುವುದು. ಸ್ವದೇಶದಲ್ಲಿ ಗೆದ್ದ ಓಡುವ, ಜಿಗಿಯುವ, ಹೊಡೆದಾಡುವ ಆಟಗಳನ್ನು ಹೊರದೇಶಕ್ಕೆ ಕಳಿಸುವ ಮುನ್ನ ಕಠಿಣ ಮಾಡಬೇಕಿತ್ತು. ಅಲ್ಲಿಯ ಜನ ಕ್ಯಾಸೆಟ್ಟನ್ನು ಎರಡು ದಿನಕ್ಕೆ ಬಾಡಿಗೆಗೆ ಒಯ್ಯುತ್ತಾರೆ. ಅಷ್ಟರಲ್ಲೇ ಆಟ ಮುಗಿದುಹೋದರೆ ಕೊಳ್ಳುವವರು ಯಾರು? ಹಾಗಾಗಿ ಗುಂಡಿ ಅಗಲ ಮಾಡು, ಐದು ಜೀವ ಇದ್ದರೆ ಮೂರಕ್ಕಿಳಿಸು, ಸತ್ತವನನ್ನು ಮೊದಲಿನಿಂದ ಓಡಿಸು. ಈ ಕೆಲಸದಲ್ಲಿ ಅವಳದು ಎತ್ತಿದ ಕೈ. ಗೆದ್ದೇಬಿಟ್ಟೆ ಎಂದು ಆಡುವವನು ಉಸಿರು ಬಿಡುವ ಜಾಗ ಯಾವುದು ಎಂದು ಅವಳಿಗೆ ಗೊತ್ತಿತ್ತು. ಸರಿಯಾಗಿ ಅಲ್ಲೇ ತೋಡುತ್ತಿದ್ದಳು.

ಮನೆಯಲ್ಲಿ ಇದ್ದವನು ತಮ್ಮನೊಬ್ಬನೇ. ಸ್ನಾಯು ಸವೆಯುವ ಕಾಯಿಲೆ. ಮೂವತ್ತು ತುಂಬುವುದರೊಳಗೆ ಕಾಲು ಹೋಗಿದ್ದವು. ಮುಂದಿನ ಸರದಿ ಕೈಯದು, ಯಾವಾಗ ಎಂದು ಹೇಳಲಾಗದು, ಬಳಸುತ್ತಿದ್ದಷ್ಟೂ ಒಳ್ಳೆಯದು ಎಂದಿದ್ದರು ಡಾಕ್ಟರು. ಅವನು ಬಳಸುತ್ತಿದ್ದ. ಮಂಚದ ಮೇಲೆ ದಿಂಬಿಗೊರಗಿ ಒಂದೇ ಆಟ ಆಡುತ್ತಿದ್ದ. ಕೊಡಲಿ ಹಿಡಿದ ಕಾವಲುಗಾರನೊಬ್ಬ ಏಳು ಮಹಡಿಯ ಗೋಪುರ ಹತ್ತುವ ಆಟ. ಮೂರನೇ ಮಹಡಿಯಲ್ಲಿ ಗುಂಡಿಯ ಮೇಲೊಂದು ಬಾವಲಿ. ಜಿಗಿದು, ಗಾಳಿಯಲ್ಲಿರುವಾಗಲೇ ಕೊಡಲಿ ಬೀಸಬೇಕು. ಹೆಬ್ಬೆರಳು ಒಂದು ಬಟನ್ನಿನಿಂದ ಇನ್ನೊಂದಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಬೇಕು. ದಿನಾ ಬೆಳಗ್ಗೆ ಅದನ್ನು ದಾಟಿ, "ಇವತ್ತಿಗೆ ಕೈ ಇದೆ ಕಣೇ ಅಕ್ಕಾ" ಎನ್ನುತ್ತಿದ್ದ. ಆ ಮಾತು ಕೇಳಿಯೇ ಅವಳು ಚಪ್ಪಲಿ ಮೆಟ್ಟುತ್ತಿದ್ದಳು.

ಒಂದು ದಿನ ಅದೇ ಆಟ ಹೊರದೇಶಕ್ಕೆ ಹೋಗಲು ಅವಳ ಮೇಜಿಗೆ ಬಂತು. ಅದನ್ನು ಅರೆದು ಕುಡಿದವರೊಬ್ಬರು ಆಡಿ ನೋಡಬೇಕು ಎಂದರು ಮೇಲಿನವರು. ಅವಳು ದೂರ ಹೋಗಿ ಹುಡುಕಲಿಲ್ಲ. ತಮ್ಮನ ಹಳೆಯ ಕ್ಯಾಸೆಟ್ಟಿನ ಹೊರಕವಚದೊಳಗೆ ಕಠಿಣ ಮಾಡಿದ ಆಟದ ಚಿಪ್ ಕೂರಿಸಿ, ಅವನಿಗೆ ಹೇಳದೆ ತಂದು ಮಂಚದ ಪಕ್ಕ ಇಟ್ಟಳು. ಜೀವಗಳ ಸಂಖ್ಯೆ ಮುಟ್ಟಲಿಲ್ಲ, ಮುಟ್ಟಿದ್ದರೆ ಅವನಿಗೆ ತಿಳಿದುಬಿಡುತ್ತಿತ್ತು. ಗುಂಡಿ ಕೂದಲೆಳೆಯಷ್ಟು ಅಗಲ, ಬಾವಲಿ ಒಂದಿಷ್ಟು ಚುರುಕು, ಅಷ್ಟೇ. ಆಫೀಸಿನ ಗುಟ್ಟು ಹೊರಗೆ ಹೋಗಬಾರದೆಂಬ ನಿಯಮವಿತ್ತು ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಅದು ನೆಪ. ಗೊತ್ತಿದ್ದವನು ಎಚ್ಚರದಿಂದ ಆಡುತ್ತಾನೆ. ಅವಳಿಗೆ ಬೇಕಾಗಿದ್ದವನು ನಂಬಿ ಜಿಗಿದು ಸಾಯುವವನು.

ಮೊದಲ ದಿನ ಅವನು ಗುಂಡಿಗೆ ಬಿದ್ದು ನಕ್ಕ. ಮರುದಿನ ನಗಲಿಲ್ಲ. ಬಿಸಿನೀರು ತರಿಸಿಕೊಂಡು ಹೆಬ್ಬೆರಳು ಅದ್ದಿ ಕೂತ. ವಾರ ಒದ್ದಾಡಿ ಹೇಗೋ ದಾಟಿದ. ಅವಳು ಅದನ್ನು ಗುರುತು ಹಾಕಿಕೊಂಡು ಹೋಗಿ ಗುಂಡಿಯನ್ನು ಇನ್ನಷ್ಟು ಅಗಲ ಮಾಡಿ ತಂದಳು. ಹೀಗೆ ನಾಲ್ಕು ತಿಂಗಳು. ಅವನು ಹತ್ತಿದಷ್ಟೂ ಅವಳು ತೋಡಿದಳು. ಎರಡನೇ ತಿಂಗಳಿಗೆ ಅವನು ಬೆಳಗಿನ ಆ ಮಾತು ನಿಲ್ಲಿಸಿದ. ಮೂರನೆಯದಕ್ಕೆ ಲೋಟ ಹಿಡಿಯುವುದನ್ನು ಬಿಟ್ಟ, ಜಾರಿಬಿಡುತ್ತದೆ ಎಂದು. ಅವಳೇ ಕುಡಿಸಿದಳು, ಅವಳೇ ತುತ್ತಿಟ್ಟಳು. ನಾಲ್ಕನೆಯದಕ್ಕೆ ಆಟವನ್ನೂ ಬಿಟ್ಟು ಕೈಗಳನ್ನು ಹೊದಿಕೆಯೊಳಗೆ ಇಟ್ಟುಕೊಂಡು ಮಲಗಿದ. ಇನ್ನೊಂದು ವಾರ, ಕೆಲಸ ಮುಗಿದ ಕೂಡಲೇ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಲೇ ಇದ್ದಳು, ಪಾಪಿ.

ಆಟ ಹೊರದೇಶದಲ್ಲಿ ಬಿಡುಗಡೆಯಾಯಿತು. ಎರಡು ದಿನದಲ್ಲಿ ಯಾರಿಗೂ ಮುಗಿಸಲಾಗಲಿಲ್ಲವೆಂದು ಸುದ್ದಿ ಬಂತು, ಮೇಲಿನವರು ಬೆನ್ನು ತಟ್ಟಿದರು. ಆ ಭಾನುವಾರ ಮಧ್ಯಾಹ್ನ ಅವಳು ಮಂಚದ ಅಂಚಿನಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಬೈದಾನು ಎಂದುಕೊಂಡಿದ್ದಳು. ಅವನು ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಅಂದ್ರೆ ನನ್ ಕೈಗೆ ಏನೂ ಆಗಿಲ್ಲ?" ಎಂದ. "ಹಾಕು ಹಳೇದನ್ನ."

ಅವಳು ಹಳೆಯ ಚಿಪ್ಪನ್ನು ಅವನ ಕಣ್ಣೆದುರೇ ಕೂರಿಸಿದಳು. ಬಾವಲಿಯ ತನಕ ಹೋಗುವುದೇ ಆಗಲಿಲ್ಲ. ಮೊದಲ ಮಹಡಿಯಲ್ಲಿ, ಎಳೆಮಕ್ಕಳೂ ದಾಟುವ ಗುಂಡಿಯಲ್ಲಿ ಬಿದ್ದ. ಮತ್ತೆ ಬಿದ್ದ. ಹೆಬ್ಬೆರಳು ಬಟನ್ನಿನ ಮೇಲೆ ನಡುಗುತ್ತಿತ್ತು, ಒತ್ತುತ್ತಿರಲಿಲ್ಲ. ಕಾಯಿಲೆ ತಾನಾಗಿ ಅಲ್ಲಿಗೆ ಬಂದಿತ್ತೋ, ಬಳಸದೆ ಬಿಟ್ಟ ತಿಂಗಳುಗಳು ಕರೆತಂದವೋ, ಯಾವ ಡಾಕ್ಟರೂ ಇನ್ನು ಹೇಳಲಾರ. ಐದು ಜೀವವೂ ಮುಗಿದವು.

ಅವನು ಪರದೆ ಬಿಟ್ಟು ಅಕ್ಕನ ಮುಖ ನೋಡಿದ. ಇನ್ನೂ ಆಸೆ ಬಿಟ್ಟಿರಲಿಲ್ಲ.

"ಇದನ್ನೂ ಬದಲಾಯಿಸಿದೀಯಾ ಅಕ್ಕಾ?"

ಹೂಂ ಎಂದಿದ್ದರೆ ಸಾಕಿತ್ತು. ನಾಲ್ಕು ತಿಂಗಳು ಸರಾಗವಾಗಿ ಸುಳ್ಳಾಡಿದವಳಿಗೆ ಅದೊಂದು ಅಕ್ಷರ ಬಾಯಿಗೆ ಬರಲಿಲ್ಲ.

"ಇಲ್ಲ ಕಣೋ," ಎಂದಳು.

ಅವನು ತಲೆಯಾಡಿಸಿ, ಕಂಟ್ರೋಲರನ್ನು ತನ್ನ ಕೈಯಿಂದ ಬಿಡಿಸಿ ತೆಗೆಯಲು ಹೇಳಿದ.